ಅಪ್‌ಡೇಟ್: ಟಾಲಿಲಿನ್ ರೈಲಿನ ಮಾಡೆಲ್‌ಗೆ ಯಾವ ಸ್ಕೇಲ್?

ವೇಲ್ಸ್‌ನ ಟಾಲಿಲಿನ್ ರೈಲ್ವೆಯ ಮಾಡೆಲ್ ಮಾಡಲು ಯಾವ ಸ್ಕೇಲ್ ಸರಿ ಅಂತ ಕೇಳಿದ್ದೆ. ನೀವು ಹೇಳಿದ 009 ಅನ್ನೇ ಆರಿಸಿದೆ. ಅಂದರೆ ನಿಜವಾದ ಒಂದು ಅಡಿಗೆ ಮಾಡೆಲ್‌ನಲ್ಲಿ 4 ಮಿ.ಮೀ., ಮಾಡೆಲ್ ಹಳಿಯ ಅಗಲ 9 ಮಿ.ಮೀ. ಟಾಲಿಲಿನ್‌ನ ನಿಜವಾದ ಹಳಿಯ ಅಗಲ 2 ಅಡಿ 3 ಇಂಚು. ಅಡಿಗೆ 4 ಮಿ.ಮೀ. ಲೆಕ್ಕ ಹಾಕಿದರೆ ಸರಿಯಾಗಿ 9 ಮಿ.ಮೀ.! ಎನ್ ಗೇಜ್ (ಇನ್ನೂ ಚಿಕ್ಕ ಸ್ಕೇಲ್‌ನ ಮಾಡೆಲ್‌ಗಳ) ಹಳಿ ಬೇಡ ಅಂದವರ ಮಾತೂ ನಿಜ. ಅಗಲ ಒಂದೇ, ಆದರೆ ಅದರ ಸ್ಲೀಪರ್‌ಗಳು (ಹಳಿಯ ಕೆಳಗಿನ ಅಡ್ಡಪಟ್ಟಿಗಳು) ತೀರಾ ಒತ್ತೊತ್ತಾಗಿವೆ.

ಸೇತುವೆಯಡಿ ಹಳಿ ಯಾಕೆ ಪಕ್ಕಕ್ಕಿದೆ ಅಂತ ಕೇಳಿದವರಿಗೆ: 1866ರಲ್ಲಿ ಸರ್ಕಾರಿ ಇನ್‌ಸ್ಪೆಕ್ಟರ್ ಬಂದು ನೋಡಿದಾಗ ಸೇತುವೆಗಳ ಕೆಳಗೆ ಪಕ್ಕದಲ್ಲಿ ಜಾಗ ಸಾಲುತ್ತಿರಲಿಲ್ಲ. ಅದಕ್ಕೇ ಬೋಗಿಗಳ ಒಂದು ಕಡೆಯ ಬಾಗಿಲುಗಳನ್ನು ಖಾಯಂ ಮುಚ್ಚಿದರು, ಬಾಗಿಲು ತೆರೆಯುವ ಕಡೆ ಜಾಗ ಸಿಗಲಿ ಅಂತ ಸೇತುವೆಯಡಿ ಹಳಿಯನ್ನು ಪಕ್ಕಕ್ಕೆ ಸರಿಸಿದರು. ನನ್ನ ಮಾಡೆಲ್‌ನಲ್ಲೂ ಹಳಿ ನಡುವೆ ಇಲ್ಲ. ಈ ವಿವರ ಬಿಡಲು ಮನಸ್ಸೇ ಬರಲಿಲ್ಲ.

ಓದುವ ದಿನಗಳಲ್ಲಿ ಅಲ್ಲಿ ಸ್ವಯಂಸೇವಕನಾಗಿದ್ದೆ. ಸ್ವಯಂಸೇವಕರೇ ಉಳಿಸಿ, 1951ರಿಂದ ಓಡಿಸುತ್ತಿರುವ ಜಗತ್ತಿನ ಮೊದಲ ರೈಲು ಅದು. ಬೆಳಿಗ್ಗೆ ಬೇಗ ಹೋಗಿ ಬೂದಿ ತೆಗೆಯುತ್ತಿದ್ದೆವು, ಎಂಜಿನ್ ಒರೆಸುತ್ತಿದ್ದೆವು. ಬಾಯ್ಲರ್ ಕಾಯಲು ಗಂಟೆಗಟ್ಟಲೆ ಬೇಕು. ಆ ಹೊತ್ತಿನಲ್ಲಿ ಹಿರಿಯರು ಹೇಳಿಕೊಟ್ಟದ್ದೇ ಜಾಸ್ತಿ.

ಮುಂದಿನ ಕೆಲಸ ಅದೇ ಮಾರ್ಗದ ಡೋಲ್‌ಗಾಖ್‌ನಲ್ಲಿರುವ ಮೂರು ಕಮಾನಿನ ವಯಡಕ್ಟ್ (ಕಣಿವೆ ದಾಟುವ ಎತ್ತರದ ಸೇತುವೆ). ಹಳೇ ಇಟ್ಟಿಗೆಯ ಬಣ್ಣ ಚೆನ್ನಾಗಿ ತರಲು ಬಲ್ಲವರಿದ್ದರೆ ದಯವಿಟ್ಟು ಹೇಳಿ.