ಕನ್ನಡ ಟೀ-ಶರ್ಟ್ ಆನ್‌ಲೈನ್‌ನಾಗ ಮಾರಬೇಕಂದ್ರ ಮಷೀನ್ ಮೊದಲು ತಗೋಬೇಕೇನು?

ಕೇಳಿದವರು, ಗಂಗಾವತಿ

ಕನ್ನಡ ಬರಹ, ನಮ್ಮ ಕಡೆ ಚಿತ್ರ ಹಾಕಿ ಟೀ-ಶರ್ಟ್ ಮಾರಬೇಕಂತ ಮಾಡೇನಿ. ಅಂಜನಾದ್ರಿ, ಕಿನ್ನಾಳ ಗೊಂಬಿ, ಹಂಪಿ ಕಲ್ಲಿನ ತೇರು, ಇಂಥವು. ಕೈಯಾಗ 80 ಸಾವಿರ ಐತಿ. ಒಬ್ಬರು ಬಳಸಿದ ಡಿಟಿಎಫ್ ಮಷೀನ್ (ಫಿಲ್ಮ್ ಮ್ಯಾಲೆ ಪ್ರಿಂಟ್ ಹೊಡಿಯೋದು, ಆಮ್ಯಾಲೆ ಅದನ್ನ ಬಿಸಿ ಒತ್ತಿ ಬಟ್ಟಿಗೆ ಅಂಟಿಸ್ತಾರ) ಕೊಡ್ತೀನಿ ಅಂತಾರ. ತಗೊಳ್ಳಲೇನು? ಬಟ್ಟಿ ಎಲ್ಲಿಂದ ತರಬೇಕು, ಜಿಎಸ್‌ಟಿ ಬೇಕೇನು? ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳ್ರಿ.

ಟ್ರಾನ್ಸ್‌ಫರ್ ಪ್ರಿಂಟಿಂಗ್ ಮಾಡುವವರು, ರಾಯಚೂರು

ಮಷೀನ್ ಸದ್ಯಕ್ಕ ಬ್ಯಾಡ್ರಿ. ಡಿಟಿಎಫ್‌ನ್ಯಾಗ ಕಾಟ ಕೊಡೋದು ಬಿಳಿ ಇಂಕ್. ಅದರಾಗಿನ ಟೈಟಾನಿಯಂ ಡೈಆಕ್ಸೈಡ್ ಅನ್ನೋ ಬಿಳಿ ಪುಡಿ ಭಾರ ಇರ್ತದ, ತಳಕ್ಕ ಕೂಡ್ತದ. ದಿನಾ ಪ್ರಿಂಟ್ ಹೊಡಿಲಿಲ್ಲಾಂದ್ರ ಇಂಕ್ ಬಿಡೋ ಪ್ರಿಂಟ್ ಹೆಡ್ಡಿನ ತೂತು ಕಟ್ಟಿಕೊಳ್ತಾವ. ಅದಕ್ಕ ಕೋಣ್ಯಾಗ ತೇವಾಂಶ ಶೇ 40ರಿಂದ 60 ಇರಬೇಕು. ಏಪ್ರಿಲ್, ಮೇದಾಗ ನಮ್ಮ ಕಡೆ ಒಣ ಬಿಸಿಲು ಹೆಂಗಿರ್ತದ ಅಂತ ನಿಮಗ ಹೇಳೋದೇನದ. ಎಸಿ ಹಾಕಿದ್ರ ಹವಾ ಇನ್ನೂ ಒಣಗ್ತದ. ದಿನಕ್ಕ ಎರಡು ಆರ್ಡರ್ ಬರೋ ಹೊತ್ತಿನ್ಯಾಗ ಪ್ರಿಂಟಿಗಿಂತ ಹೆಡ್ ಕ್ಲೀನಿಂಗಿಗೇ ಜಾಸ್ತಿ ಇಂಕ್ ಹೋಗ್ತದ. ಆ ಮಷೀನ್ ಮಾರೋರ ಹತ್ರ ನಾಝಲ್ ಚೆಕ್ ಪ್ರಿಂಟ್ (ಎಲ್ಲಾ ತೂತಿನಿಂದ ಇಂಕ್ ಬರ್ತದೇನು ಅಂತ ತೋರ್ಸೋದು) ಕೇಳಿ ನೋಡ್ರಿ. ಬಿಳಿ ಗೆರಿ ಎಲ್ಲೆಲ್ಲಿ ಹರಿದಾವ ಅಂತ ಕಂಡ್ರ ಯಾಕ ಮಾರ್ತಾರಂತನೂ ತಿಳಿತದ.

ಪ್ರಿಂಟ್ ಮಾಡಿದ ಫಿಲ್ಮ್ ಮೀಟರ್ ಲೆಕ್ಕದಾಗ ಸಿಗ್ತದ. ನೀವು ಅದನ್ನ ಶರ್ಟಿಗೆ ಬಿಸಿ ಒತ್ತೋ ಹೀಟ್ ಪ್ರೆಸ್ ಒಂದು ತಗೊಂಡ್ರ ಸಾಕು. 24 ಇಂಚಿನ ರೋಲಿನ್ಯಾಗ ಪ್ರಿಂಟಿಗೆ ಸುಮಾರು 22 ಇಂಚು ಸಿಗ್ತದ. 10 ಇಂಚು ಅಗಲ, 12 ಇಂಚು ಎತ್ತರದ ಡಿಸೈನ್ ಆದ್ರ ಅಡ್ಡಕ್ಕ ಎರಡು, ಉದ್ದಕ್ಕ ಮೂರು ಕೂಡ್ತಾವ, ಮೀಟರಿಗೆ ಆರು. ಕೆಳಗ ಉಳಿಯೋ ಎರಡು ಇಂಚಿನ ಪಟ್ಟಿ ಖಾಲಿ ಬಿಡಬ್ಯಾಡ್ರಿ, ಅದರಾಗ ಕಾಲರ್ ಒಳಗಿನ ಸೈಜ್ ಲೇಬಲ್ ಎಂಟೊಂಬತ್ತು ಹಿಡಿತಾವ.

ಪ್ರೆಸ್ 15×15 ಇಂಚಿಂದು ಸಾಕು. ಅದು ಒಂದೂವರೆ ಕಿಲೋವ್ಯಾಟಿನ ಮ್ಯಾಲೇ ಎಳಿತದ, 16 ಆಂಪಿನ ಪಾಯಿಂಟಿಗೇ ಹಾಕ್ರಿ. ಟಿವಿ ಎಕ್ಸ್‌ಟೆನ್ಷನ್ ಬಾಕ್ಸಿಗೆ ಹಾಕಿದ್ರ ಪ್ಲಗ್ ಕರಗ್ತದ. ಮನಿ ಇನ್ವರ್ಟರ್ ಮ್ಯಾಲೆ ನಡೆಯೋದಿಲ್ಲ.

ಹೊಡೆಯೋ ಕ್ರಮ ಇಷ್ಟೇ. ಖಾಲಿ ಶರ್ಟ್ ಮೊದಲು 5 ಸೆಕೆಂಡ್ ಒತ್ತ್ರಿ, ತೇವ ಹೋಗಬೇಕು. ಕಾಲರ್ ಹೊಲಿಗಿಯಿಂದ ಮೂರು ಇಂಚು ಕೆಳಗ ಫಿಲ್ಮ್ ಇಡ್ರಿ. 150ರಿಂದ 160 ಡಿಗ್ರಿ, 12ರಿಂದ 15 ಸೆಕೆಂಡ್. ಕೋಲ್ಡ್ ಪೀಲ್ ಫಿಲ್ಮ್ ಆದ್ರ ಪೂರಾ ತಣ್ಣಗಾದ ಮ್ಯಾಲೇ ಕೀಳಬೇಕು, ಅವಸರ ಮಾಡಿದ್ರ ಅಕ್ಷರದ ತುದಿ ಫಿಲ್ಮಿಗೇ ಉಳಿತದ. ಕೊನಿಗೆ ಬಟರ್ ಪೇಪರ್ ಇಟ್ಟು ಇನ್ನೊಮ್ಮೆ 6–8 ಸೆಕೆಂಡ್. ಈ ಎರಡನೇ ಒತ್ತು ಬಿಟ್ಟವರ ಪ್ರಿಂಟೇ ಮೊದಲು ಏಳೋದು.

ಅಂಚು ಎದ್ದರ ಮೂರು ಕಾರಣ ಇರ್ತಾವ. ಫಿಲ್ಮಿನ ಅಂಟಿನ ಪುಡಿ ಸರಿ ಬೆಂದಿರೋದಿಲ್ಲ, ಅದು ಪ್ರಿಂಟಿನವರ ತಪ್ಪು. ಕಾಲರ್ ದಪ್ಪ ಇದ್ದು ಪ್ರೆಸ್ಸಿನ ತಟ್ಟೆ ಎತ್ತಿ ಹಿಡಿದಿರ್ತದ, ಅದಕ್ಕ ಕಾಲರ್ ಹೊರಗ ಜೋತು ಬಿಡಬೇಕು. ಇಲ್ಲಾ ಪ್ರೆಸ್ಸಿನ ಮೂಲಿ ತಣ್ಣಗಿರ್ತದ. ಡಿಸ್‌ಪ್ಲೇದಾಗ 155 ಅಂತ ತೋರ್ಸಿದ್ರೂ ಅಗ್ಗದ ಪ್ರೆಸ್ಸಿನ ಮೂಲ್ಯಾಗ ಹತ್ತು ಡಿಗ್ರಿ ಕಡಿಮಿ ಇರೋದುಂಟು. ಥರ್ಮಾಮೀಟರ್ ಗನ್ ಹಿಡಿದು ನಾಲ್ಕೂ ಮೂಲಿ ನೋಡ್ರಿ.

ಬಟ್ಟೆ ವ್ಯಾಪಾರದವರು, ಬಳ್ಳಾರಿ

ಬಟ್ಟೆ ವಿಷಯ ನಾನು ಹೇಳ್ತೀನಿ. ಬಳ್ಳಾರಿಯಲ್ಲಿ ಇಷ್ಟೊಂದು ಜೀನ್ಸ್ ಯೂನಿಟ್ ಐತೆ, ಟೀ-ಶರ್ಟೂ ಅಲ್ಲೇ ಹೊಲಿಸಬಹುದಲ್ಲ ಅಂತ ತುಂಬ ಜನ ಕೇಳ್ತಾರೆ. ಆಗಲ್ಲ. ಡೆನಿಮ್ ನೇಯ್ದ ಬಟ್ಟೆ, ಟೀ-ಶರ್ಟಿಂದು ಹೆಣೆದ ಬಟ್ಟೆ. ಇದಕ್ಕೆ ಓವರ್‌ಲಾಕ್, ಫ್ಲಾಟ್‌ಲಾಕ್ ಮಷೀನ್, ತುದಿ ದುಂಡಗಿರೋ ಬಾಲ್ ಪಾಯಿಂಟ್ ಸೂಜಿ ಬೇಕು. ಜೀನ್ಸ್ ಸೂಜಿ ಎಳೆ ಕತ್ತರಿಸಿ ತೂತು ಬೀಳಿಸುತ್ತೆ. ಖಾಲಿ ಟೀ-ಶರ್ಟ್ ತಮಿಳುನಾಡಿನ ತಿರುಪ್ಪೂರಿನಿಂದಾನೇ ತರಿಸಿ. ಲೇಬಲ್, ಪಾಲಿ ಕವರ್, ರಟ್ಟಿನ ಡಬ್ಬಕ್ಕೆ ಬೇಕಾದ್ರೆ ಬಳ್ಳಾರಿಗೆ ಬನ್ನಿ.

ಕೇಳುವಾಗ ಪೂರ್ತಿ ಹೇಳಿ: ನೂರಕ್ಕೆ ನೂರು ಹತ್ತಿ, ಕೋಂಬ್ಡ್ (ಬಾಚಿದ ನೂಲು), ಬಯೋವಾಶ್ (ಜುಂಗು ತೆಗೆಯೋ ಒಗೆತ), 180 ಜಿಎಸ್‌ಎಂ (ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ಅಂತ), ಕಾಲರಿಗೆ ಲೈಕ್ರಾ ರಿಬ್, ಭುಜದಿಂದ ಭುಜಕ್ಕೆ ಟೇಪ್. ಓವರ್‌ಸೈಜ್ ಮಾಡೋದಾದ್ರೆ 220–240 ಜಿಎಸ್‌ಎಂ. ಆದ್ರೆ ನಮ್ಮ ಸೆಕೆಗೆ 180 ಹೆಚ್ಚು ಓಡುತ್ತೆ ಅನ್ನೋದು ನನ್ನ ಲೆಕ್ಕ.

180 ಅಂತ ಹೇಳಿ 160 ಕಳಿಸೋರು ಇದ್ದಾರೆ. ಸ್ಯಾಂಪಲ್ ಒಂದನ್ನ ಕತ್ತರಿಸಿಬಿಡಿ, ಜೀವ ಹಿಡ್ಕೋಬೇಡಿ. 10 ಸೆಂಟಿಮೀಟರ್ ಚೌಕದ ತುಂಡು ತೆಗೆದು ಬಂಗಾರದಂಗಡಿ ತಕ್ಕಡಿಯಲ್ಲಿ ತೂಗಿಸಿ. 1.8 ಗ್ರಾಂ ಬಂದ್ರೆ 180 ಜಿಎಸ್‌ಎಂ, 1.6 ಬಂದ್ರೆ 160. ಚದರ ಮೀಟರಿನ ನೂರನೇ ಒಂದು ಪಾಲು ಅದು, ನೂರರಿಂದ ಗುಣಿಸಿದ್ರೆ ಮುಗೀತು. ಇನ್ನೊಂದು ಸ್ಯಾಂಪಲ್ ಮೇಲೆ ಬಾಲ್‌ಪೆನ್ನಲ್ಲಿ 10 ಇಂಚಿನ ಚೌಕ ಬರೆದು ಮೂರು ಸಲ ಒಗೆದು ಒಣಗಿಸಿ. 9.5ಕ್ಕೆ ಇಳಿದ್ರೆ ಶೇ 5 ಕುಗ್ಗಿತು ಅಂತ, ಅದನ್ನ ವಾಪಸ್ ಕಳಿಸಿ. ಪಕ್ಕದ ಹೊಲಿಗೆ ಹೊಟ್ಟೆ ಮೇಲೆ ತಿರುಗಿ ಬಂದಿದೆಯಾ ಅಂತಾನೂ ನೋಡಿ. ಹೆಣಿಗೆ ಸರಿಯಾಗಿ ಕೂರದಿದ್ರೆ ಹಾಗೆ ತಿರುಚುತ್ತೆ, ಎಷ್ಟು ಇಸ್ತ್ರಿ ಹಾಕಿದ್ರೂ ನೆಟ್ಟಗಾಗಲ್ಲ.

ಸೈಜ್ ಚಾರ್ಟ್ ಬೇರೆಯವರದ್ದು ಕಾಪಿ ಮಾಡಬೇಡಿ. ಇಬ್ಬರ ಹತ್ರ ತಂದ ‘ಎಲ್’ ಒಂದೇ ಅಳತೆ ಇರಲ್ಲ. ಶರ್ಟ್ ಮಟ್ಟಸವಾಗಿ ಹಾಸಿ, ಕಂಕುಳಿನಿಂದ ಒಂದು ಇಂಚು ಕೆಳಗೆ ಅಡ್ಡಲಾಗಿ ಅಳೆದು, ಆ ಅಂಕಿಯನ್ನೇ ಹಾಕಿ. ಜೊತೆಗೆ ಒಂದು ಸಾಲು: ‘ಮನೆಯಲ್ಲಿ ನಿಮಗೆ ಸರಿಹೋಗೋ ಶರ್ಟ್ ಹೀಗೇ ಹಾಸಿ ಅಳೆದು ನೋಡಿ.’ ಟೀ-ಶರ್ಟ್ ವಾಪಸ್ ಬರೋದು ಪ್ರಿಂಟಿಗಿಂತ ಸೈಜಿಗೇ ಜಾಸ್ತಿ.

ಡಿಸೈನ್ ಮಾಡುವವರು, ಕೊಪ್ಪಳ

ಪ್ರಿಂಟು, ಬಟ್ಟಿ ಎಲ್ಲಾ ಸರಿ. ಆದ್ರ ಕನ್ನಡ ಶರ್ಟ್ ಹೊಲಸಾಗೋದು ಫೈಲಿನಾಗ.

ಮೊದಲ ಪರೀಕ್ಷಿ: ಸಾಫ್ಟ್‌ವೇರಿನಾಗ ‘ಬಳ್ಳಾರಿ’ ಅಂತ ಬರೀರಿ. ಳ ಕೆಳಗ ಒತ್ತು ಕುಂತ್ರ ಸರಿ. ‘ಬಳ್‌ಳಾರಿ’ ಅಂತ ಬಿಡಿಬಿಡಿಯಾಗಿ ಬಂತಂದ್ರ ಅದಕ್ಕ ಕನ್ನಡ ಕೂಡಿಸೋದು ಬರೂದಿಲ್ಲ ಅಂತ ಅರ್ಥ. ‘ಕೊಪ್ಪಳ’ ಬರದ್ರೂ ಗೊತ್ತಾಗತೈತಿ. ‘ರಾಯಚೂರು’ ಬರದು ಸರಿ ಐತಿ ಅನ್ನಬ್ಯಾಡ್ರಿ, ಅದರಾಗ ಒತ್ತೇ ಇಲ್ಲ! ಫೋಟೋಶಾಪಿನಾಗ ಪ್ರಿಫರೆನ್ಸಸ್, ಟೈಪ್‌ಗೆ ಹೋಗ್ರಿ, ಅಲ್ಲಿ ಟೆಕ್ಸ್ಟ್ ಎಂಜಿನ್ ಆಯ್ಕಿ ಇದ್ರ ‘ವರ್ಲ್ಡ್ ರೆಡಿ ಲೇಔಟ್’ ಮಾಡ್ರಿ. ಹಳೇ ವರ್ಷನ್ನಿನಾಗ ಅದರ ಹೆಸರು ‘ಮಿಡಲ್ ಈಸ್ಟರ್ನ್ ಅಂಡ್ ಸೌತ್ ಏಷ್ಯನ್’. ಇಲ್ಲಸ್ಟ್ರೇಟರಿನಾಗ ‘ಶೋ ಇಂಡಿಕ್ ಆಪ್ಷನ್ಸ್’ ಟಿಕ್ ಮಾಡ್ರಿ. ರೊಕ್ಕ ಕೊಡದ ಸಾಫ್ಟ್‌ವೇರ್ ಬೇಕಂದ್ರ ಇಂಕ್‌ಸ್ಕೇಪ್ ಐತಿ, ಅದು ಕನ್ನಡ ತಾನೇ ಸರಿ ಕೂಡಿಸತೈತಿ.

ಫಾಂಟ್ ಬಾಲೂ ತಮ್ಮ, ಅನೇಕ್ ಕನ್ನಡ, ತಿರೋ ಕನ್ನಡ ಬಳಸ್ರಿ. ಗೂಗಲ್ ಫಾಂಟ್ಸಿನಾಗ ಅದಾವ, ಓಪನ್ ಫಾಂಟ್ ಲೈಸನ್ಸ್, ಶರ್ಟಿಗೆ ಹಾಕಿ ಮಾರಬಹುದು. ಅಕ್ಷರದ ನಡುವಿನ ಜಾಗ ಹಿಗ್ಗಿಸೋ ಚಟ ಇಂಗ್ಲಿಷಿಗೆ ಇರಲಿ, ಕನ್ನಡದಾಗ ಹಿಗ್ಗಿಸಿದ್ರ ದೀರ್ಘ ಒಂದು ಕಡೆ, ಅಕ್ಷರ ಒಂದು ಕಡೆ ಆಕ್ಕಾವ. ಎರಡು ಸಾಲು ಇದ್ರ ನಡುವ ಜಾಗ ಧಾರಾಳ ಬಿಡ್ರಿ. ಮ್ಯಾಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಬಡಿತೈತಿ.

ಮುಗಿದ ಮ್ಯಾಲೆ ಅಕ್ಷರ ಎಲ್ಲಾ ಔಟ್‌ಲೈನ್ ಮಾಡಿ (ಫಾಂಟ್ ಬಿಡಿಸಿ ಬರೀ ಆಕಾರ ಮಾಡೋದು), ಯುನೈಟ್ ಹೊಡೀರಿ (ಬಿಡಿ ಆಕಾರ ಒಂದು ಮಾಡೋದು). ಔಟ್‌ಲೈನ್ ಮಾಡದ ಫೈಲ್ ಕಳಿಸಿದ್ರ ಪ್ರಿಂಟಿನವರ ಕಂಪ್ಯೂಟರಿನಾಗ ಆ ಫಾಂಟ್ ಇರೂದಿಲ್ಲ, ನುಡಿ ಸಾಫ್ಟ್‌ವೇರಿನ ಹಳೇ ಫಾಂಟಿನಾಗ ಬರದಿದ್ದಂತೂ ಇಂಗ್ಲಿಷ್ ಅಕ್ಷರದ ಕಸ ಆಗಿ ಬರತೈತಿ. ಯುನೈಟ್ ಬಿಟ್ರ ಅಕ್ಷರಕ್ಕ ಬಾರ್ಡರ್ ಹಾಕಿದಾಗ ಒತ್ತು ಕೂಡೋ ಜಾಗದಾಗ ಒಳಗೂ ಗೆರಿ ಕಾಣತೈತಿ.

10×12 ಇಂಚಿಗೆ 300 ಡಿಪಿಐ ಅಂದ್ರ 3000×3600 ಪಿಕ್ಸೆಲ್, ಹಿಂದ ಏನೂ ಇಲ್ಲದ ಪಿಎನ್‌ಜಿ. ಒಂದು ಮಿಲಿಮೀಟರಿಗಿಂತ ಸಣ್ಣ ಗೆರಿ ಇಡಬ್ಯಾಡ್ರಿ, ಒಗೆದಾಗ ಎದ್ದು ಹೋಕ್ಕಾವ. ಮಸುಕು ನೆರಳು, ಗ್ಲೋ ಹಾಕಬ್ಯಾಡ್ರಿ. ಅರೆಪಾರದರ್ಶಕ ಜಾಗದ ಕೆಳಗೂ ಬಿಳಿ ಬೀಳತೈತಿ, ಕರಿ ಶರ್ಟಿನ ಮ್ಯಾಲೆ ಅದು ಸುಣ್ಣದ ಕಲಿ ಆಗಿ ಕಾಣತೈತಿ. ನೆರಳು ಬೇಕೇ ಬೇಕಂದ್ರ ಹಾಫ್‌ಟೋನ್ ಚುಕ್ಕಿ ಮಾಡ್ರಿ.

ಕರಿ ಶರ್ಟಿಗೆ ಡಿಸೈನಿನಾಗಿನ ಕರಿ ಬಣ್ಣ ತೆಗೆದು ತೂತು ಬಿಡ್ರಿ, ಬಟ್ಟಿಯೇ ಕರಿ ಆಗತೈತಿ. ಇಂಕ್ ಉಳಿಯೋದು ಸಣ್ಣ ಮಾತು. ಎದಿ ತುಂಬ ಗಟ್ಟಿ ಚೌಕ ಹೊಡದ್ರ ಅದು ಉಸಿರಾಡೂದಿಲ್ಲ, ಮೇ ತಿಂಗಳಾಗ ರಾಯಚೂರಿನಾಗ ಅದನ್ನ ಹಾಕ್ಕೊಂಡಾಂವ ಮತ್ತೊಂದು ತಗೊಳ್ಳೂದಿಲ್ಲ.

ಸ್ಕ್ರೀನ್ ಪ್ರಿಂಟಿಂಗ್, ಬಳ್ಳಾರಿ

ಎಲ್ಲರೂ ಡಿಟಿಎಫ್ ಡಿಟಿಎಫ್ ಅಂತೀರಿ. ಒಂದೇ ಡಿಸೈನ್, ಒಂದೆರಡು ಬಣ್ಣ, 50ಕ್ಕಿಂತ ಜಾಸ್ತಿ ಶರ್ಟ್ ಆದ್ರೆ ಸ್ಕ್ರೀನೇ ಅಗ್ಗ, ಮೈಗೂ ಮೆತ್ತಗೆ. ಗಣಪತಿ ಮಂಡಳಿ, ಕಾಲೇಜು, ನವೆಂಬರ್ 1ರ ಕೆಂಪು-ಹಳದಿ, ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವದ ಆರ್ಡರ್ ಬಂದಾಗ ನೆನಪಿಡಿ. ಬಣ್ಣಕ್ಕೊಂದು ಫ್ರೇಮ್, ಕರಿ ಶರ್ಟಿಗೆ ಕೆಳಗೆ ಬಿಳಿ ಕೋಟ್ ಇನ್ನೊಂದು ಫ್ರೇಮ್. ಪ್ಲಾಸ್ಟಿಸಾಲ್ ಇಂಕ್ 160 ಡಿಗ್ರಿ ಹತ್ರ ಬೇಯಬೇಕು, ಬಿಸಿಲಲ್ಲಿ ಒಣಗಿಸಿದ್ರೆ ಮೊದಲ ಒಗೆತಕ್ಕೇ ಬಿರಿಯುತ್ತೆ. ಜೆರ್ಸಿ ಥರದ ಪಾಲಿಯೆಸ್ಟರ್ ಕೇಳಿದ್ರೆ ತಿಳಿ ಬಣ್ಣಕ್ಕೆ ಸಬ್ಲಿಮೇಷನ್ (ಬಿಸಿಗೆ ಇಂಕ್ ಎಳೆಯೊಳಗೇ ಇಳಿಯೋ ಪ್ರಿಂಟ್). ಮರೂನ್ ಪಾಲಿಯೆಸ್ಟರ್ ಮೇಲೆ ಡಿಟಿಎಫ್ ಹೊಡೆದ್ರೆ ಬಟ್ಟೆ ಬಣ್ಣ ಮೇಲೆ ಹತ್ತಿ ಬಿಳಿ ಅಕ್ಷರ ಗುಲಾಬಿ ಆಗುತ್ತೆ.

ಕೇಳಿದವರು, ಗಂಗಾವತಿ

ಎಲ್ಲಾರಿಗೂ ನಮಸ್ಕಾರ್ರಿ. ಮಷೀನ್ ಬ್ಯಾಡ ಅಂದೆ ಅವರಿಗೆ. ಹೆಸರು ಹಾಕಿ ಕೊಡೋ ಶರ್ಟಿಗೆ ಕ್ಯಾಶ್ ಆನ್ ಡೆಲಿವರಿ ಇಡಲೇನು? ನಮ್ಮ ಕಡೆ ಮಂದಿ ಮೊದಲೇ ರೊಕ್ಕ ಕೊಡೂದಿಲ್ಲಲ್ಲ. ಸಿನಿಮಾ ಡೈಲಾಗ್ ಹಾಕಿದ್ರ ಬೇಗ ಹೋಕ್ಕಾವ ಅಂತಾರ, ಅದೂ ಹೇಳ್ರಿ.

ಆನ್‌ಲೈನ್ ಮಾರುವವರು, ಸಿಂಧನೂರು

ಹೆಸರಿನ ಶರ್ಟಿಗೆ ಸಿಒಡಿ (ಕ್ಯಾಶ್ ಆನ್ ಡೆಲಿವರಿ) ಬಿಲ್ಕುಲ್ ಬ್ಯಾಡ್ರಿ. ಲೆಕ್ಕ ನೋಡ್ರಿ, ನಿಮ್ಮ ದರ ನೀವು ಹಾಕ್ಕೋರಿ. ಶರ್ಟ್ 170, ಫಿಲ್ಮ್ 60, ಕವರ್-ಲೇಬಲ್-ಕರೆಂಟ್ 20, ಒಟ್ಟು 250. ಕೊರಿಯರ್ 70. ಮಾರೋ ಬೆಲಿ 499 ಇಟ್ರ ಅದರೊಳಗ ಜಿಎಸ್‌ಟಿ 24, ಆನ್‌ಲೈನ್ ರೊಕ್ಕ ತಗೊಳ್ಳೋ ಗೇಟ್‌ವೇ ಫೀಸ್ 12. ಕೈಗೆ ಉಳಿಯೋದು 143. ಸಿಒಡಿ ಫೀಸ್ ಗೇಟ್‌ವೇಗಿಂತ ಜಾಸ್ತಿ ಇರ್ತದ, ಸದ್ಯ ಬಿಡೋಣ. ಹತ್ತರಾಗ ಮೂರು ಬಾಗಿಲಿಗೆ ಹೋಗಿ ವಾಪಸ್ ಬಂದವು ಅನ್ರಿ. ಏಳರಿಂದ ಬಂದದ್ದು 1001. ವಾಪಸ್ ಬಂದ ಒಂದೊಂದಕ್ಕ ಹೋಗೋ ಖರ್ಚು 70, ಬರೋದು 60, ಹಾಳಾದ ಕವರ್ ವಗೈರೆ 20, ಮೂರಕ್ಕ 450. ಉಳಿದದ್ದು 551, ಅಂದ್ರ ಆರ್ಡರಿಗೆ 55 ರೂಪಾಯಿ. ಇದು ಶರ್ಟ್ ಮತ್ತ ಮಾರಲಿಕ್ಕ ಬರ್ತದ ಅಂದ್ರ ಮಾತ್ರ. ಅದರ ಮ್ಯಾಲೆ ಯಾರದೋ ಹೆಸರಿದ್ರ ಶರ್ಟೂ ಹೋತು: ಶರ್ಟಿನ 250, ಹೋಗೋದು 70, ಬರೋದು 60 ಕೂಡಿ ಒಂದಕ್ಕ 380, ಮೂರಕ್ಕ 1140. ಏಳು ಮಾರಿ 139 ಕೈಯಿಂದ ಕೊಟ್ಟಂಗಾತು. ರೊಕ್ಕ ಮೊದಲೇ ಕೊಡೋದಿಲ್ಲ ಅನ್ನೋರಿಗೆ 150 ಅಡ್ವಾನ್ಸ್ ಯುಪಿಐದಾಗ ತಗೊಂಡು ಉಳಿದದ್ದು ಸಿಒಡಿ ಮಾಡ್ರಿ, ಹೆಸರನ್ನ ವಾಟ್ಸಾಪಿನ್ಯಾಗ ಅವರ ಕೈಲೇ ಟೈಪ್ ಮಾಡಿಸ್ರಿ. ‘ಶ್ರೀದೇವಿ’ನೋ ‘ಶ್ರಿದೇವಿ’ನೋ ಅನ್ನೋ ಜಗಳ ಆಮ್ಯಾಲೆ ಬ್ಯಾಡ.

ಜಿಎಸ್‌ಟಿ: ರಾಜ್ಯದ ಹೊರಗ ಒಂದು ಶರ್ಟ್ ಮಾರಿದ್ರೂ ನೋಂದಣಿ ಬೇಕು. ಕರ್ನಾಟಕದೊಳಗಷ್ಟೇ ಮಾರ್ತೀವಿ, ವಹಿವಾಟು ವರ್ಷಕ್ಕ 40 ಲಕ್ಷದೊಳಗ ಅದ ಅಂದ್ರ ಬ್ಯಾಡ. 2023ರ ಅಕ್ಟೋಬರ್ 1ರಿಂದ ಅಂಥವರು ಮಾರ್ಕೆಟ್‌ಪ್ಲೇಸಿನ್ಯಾಗೂ ಮಾರಬಹುದು, ಜಿಎಸ್‌ಟಿ ಪೋರ್ಟಲಿನ್ಯಾಗ ಎನ್‌ರೋಲ್‌ಮೆಂಟ್ ನಂಬರ್ ಮಾತ್ರ ತಗೋಬೇಕು. ಟೀ-ಶರ್ಟಿನ ಎಚ್‌ಎಸ್‌ಎನ್ (ಜಿಎಸ್‌ಟಿದಾಗ ಸರಕು ಗುರುತಿಸೋ ನಂಬರ್) 6109. 2025ರ ಸೆಪ್ಟೆಂಬರ್ 22ರಿಂದ ಒಂದಕ್ಕ 2,500 ರೂಪಾಯಿ ತನಕ ಶೇ 5, ಅದರ ಮ್ಯಾಲೆ ಶೇ 18.

ಫೋಟೋ ಅಂತ ಮಾಕಪ್ (ಕಂಪ್ಯೂಟರಿನ್ಯಾಗ ಶರ್ಟಿನ ಮ್ಯಾಲೆ ಡಿಸೈನ್ ಕೂಡ್ಸಿದ ಚಿತ್ರ) ಒಂದೇ ಹಾಕಬ್ಯಾಡ್ರಿ. ನಿಜವಾದ ಶರ್ಟನ್ನ ಬೆಳಿಗ್ಗೆ ಎಂಟರ ನೆರಳಿನ್ಯಾಗ ಒಂದು, ಪ್ರಿಂಟಿನ ಹತ್ತಿರದ್ದು ಒಂದು ತೆಗಿರಿ. ಮೊಬೈಲ್ ಪರದಿ ಮ್ಯಾಲೆ ಹೊಳಿಯೋ ಗಿಳಿಹಸಿರು, ರಾಣಿ ಗುಲಾಬಿ ಇಂಕಿನ್ಯಾಗ ಬರೋದಿಲ್ಲ, ಮಂಕಾಗ್ತಾವ. ಆಮ್ಯಾಲೆ ‘ಬಣ್ಣ ಬೇರೆ’ ಅಂತ ವಾಪಸ್.

ಡಿಸೈನ್ ಮಾಡುವವರು, ಕೊಪ್ಪಳ

ಡೈಲಾಗು, ನಟರ ಮುಖ, ಐಪಿಎಲ್ ತಂಡದ ಲೋಗೋ ಯಾವುದೂ ಬ್ಯಾಡ. ದೂರು ಬಂದ್ರ ಲಿಸ್ಟಿಂಗ್ ತೆಗಿತಾರ, ಪದೇ ಪದೇ ಆದ್ರ ಅಕೌಂಟೇ ಹೋಕ್ಕೈತಿ. ಕವಿಗಳ ಸಾಲೂ ಹಂಗೇ, ಬರದವರು ತೀರಿಕೊಂಡ ಮ್ಯಾಲೆ 60 ವರ್ಷದ ತನಕ ಹಕ್ಕು ಇರತೈತಿ. 12ನೇ ಶತಮಾನದ ವಚನಕ್ಕ, ದಾಸರ ಪದಕ್ಕ ಆ ತಕರಾರಿಲ್ಲ.

ಹಂಪಿ ತೇರು ಹಾಕ್ರಿ, ಆದ್ರ ಗೂಗಲಿನ್ಯಾಗಿನ ಫೋಟೋ ಟ್ರೇಸ್ ಮಾಡಬ್ಯಾಡ್ರಿ. ತೇರಿಗೆ ಹಕ್ಕುದಾರರಿಲ್ಲ, ಫೋಟೋಕ್ಕ ಇರ್ತಾರ. ಗಂಗಾವತಿಯಿಂದ ಎಷ್ಟು ದೂರ, ಹೋಗಿ ನೀವೇ ತೆಗೀರಿ. ಕಿನ್ನಾಳ ಗೊಂಬಿಗೂ ಸಂಡೂರು ಲಂಬಾಣಿ ಕಸೂತಿಗೂ ಜಿಐ (ಆ ಊರಿನ ಹೆಸರಿಗೆ ಸಿಗೋ ಭೌಗೋಳಿಕ ಗುರುತಿನ ಹಕ್ಕು) ಐತಿ. ಗೊಂಬಿ ನಿಮ್ಮ ಕೈಲೆ ಬರದು ಹಾಕ್ರಿ, ‘ಕಿನ್ನಾಳ ಕಲೆ’ ಅಂತ ಹೆಸರಿಟ್ಟು ಮಾರಬ್ಯಾಡ್ರಿ. ಯಾರೂ ಮುಟ್ಟದ್ದು ಬೇಕಂದ್ರ ಮಸ್ಕಿ ಶಾಸನ ಐತಿ. 1915ರಾಗ ಸಿಕ್ಕದ್ದು, ಅದರಾಗ ಅಶೋಕನ ಹೆಸರೇ ಐತಿ. ಆ ಬ್ರಾಹ್ಮಿ ಅಕ್ಷರ ಒಂದೇ ಬಣ್ಣ, ಗೆರಿ ದಪ್ಪ, ಕರಿ ಶರ್ಟಿಗೆ ಕುಂಡ್ರತೈತಿ.

ಟ್ರಾನ್ಸ್‌ಫರ್ ಪ್ರಿಂಟಿಂಗ್ ಮಾಡುವವರು, ರಾಯಚೂರು

80 ಸಾವಿರ ಒಮ್ಮೆಲೇ ಸುರೀಬ್ಯಾಡ್ರಿ. ಪ್ರೆಸ್ಸಿಗೆ 15–20 ಸಾವಿರ ಎತ್ತಿಡ್ರಿ. ಖಾಲಿ ಶರ್ಟ್ ಕರಿ, ಬಿಳಿ ಎರಡೇ ಬಣ್ಣ, ಬಣ್ಣಕ್ಕ ಎಸ್ 4, ಎಂ 8, ಎಲ್ 8, ಎಕ್ಸ್‌ಎಲ್ 4, ಒಟ್ಟು 48. ಫಿಲ್ಮ್ ಐದು ಡಿಸೈನ್, ಒಂದೊಂದು ಮೀಟರ್, 30 ಪ್ರಿಂಟ್. ಎರಡನ್ನೂ ಬ್ಯಾರೆಬ್ಯಾರೆ ಇಟ್ಟು ಆರ್ಡರ್ ಬಂದ ಮ್ಯಾಲೇ ಒತ್ತ್ರಿ. ಮೊದಲೇ ಒತ್ತಿಟ್ರ ‘ಎಂ’ ಕೇಳಿದಾಗ ನಿಮ್ಮ ಹತ್ರ ‘ಎಲ್’ ಇರ್ತದ. ಫೋಟೋಕ್ಕ, ಒಗೆದು ನೋಡ್ಲಿಕ್ಕ ಅಂತ ಡಿಸೈನಿಗೊಂದು ಮಾತ್ರ ಈಗ ಒತ್ತ್ರಿ. ಒಂದು ದಿನ ಬಿಟ್ಟು, ಉಲ್ಟಾ ಮಾಡಿ ಐದು ಸಲ ಒಗೀರಿ. ಕೈಲೆ ಎಳೆದಾಗ ಪ್ರಿಂಟ್ ಬಿರಿದ್ರ ಆ ಫಿಲ್ಮಿನವರನ್ನ ಬಿಡ್ರಿ.

ಉಳಿದ ಫಿಲ್ಮ್ ಜಿಪ್ ಕವರಿನ್ಯಾಗ ಮಟ್ಟಸಾಗಿ ಇಡ್ರಿ, ತಗಡಿನ ಶೆಡ್ಡಿನ್ಯಾಗ ಇಟ್ರ ಒಂದಕ್ಕೊಂದು ಅಂಟ್ತಾವ. ಪಾರ್ಸಲ್ ಕಟ್ಟುವಾಗ ಪ್ರಿಂಟಿನ ಮ್ಯಾಲೆ ಬಟರ್ ಪೇಪರ್ ಹಾಕಿ, ಪ್ರಿಂಟ್ ಮಡಚದಂಗ ಸುತ್ತ್ರಿ. ಮಾರ್ಚಿನಿಂದ ಜೂನ್ ತನಕ ಅದು ಇಡೀ ಹಗಲು ಕೊರಿಯರ್ ಗಾಡ್ಯಾಗ ಬೇಯ್ತಿರ್ತದ.