ಅಪ್‌ಡೇಟ್: ಹೆಡ್‌ಫೋನ್‌ನ ಬೇಸ್ ವಾಪಸ್ ಬಂತು

ಹೆಡ್‌ಫೋನ್‌ಗೆ ಹೊಸ ಇಯರ್ ಪ್ಯಾಡ್ (ಕಿವಿಯ ಮೆತ್ತೆ) ಹಾಕಿದ ಮೇಲೆ ಬೇಸ್, ಅಂದರೆ ತಗ್ಗಿನ ದಪ್ಪ ಸದ್ದು, ಯಾಕೆ ಹೋಯಿತು ಅಂತ ಇಲ್ಲಿ ಕೇಳಿದ್ದೆ. ಡ್ರೈವರ್ (ಒಳಗಿನ ಪುಟ್ಟ ಸ್ಪೀಕರ್) ಸರಿಯಾಗಿಯೇ ಇದೆ. ನೀವು ಹೇಳಿದ ಹಾಗೆ ಪ್ಯಾಡ್ ಕಡೆಯಿಂದ ಗಾಳಿ ಸೋರುತ್ತಿತ್ತು. ಕ್ಲೋಸ್ಡ್ ಬ್ಯಾಕ್ (ಕಪ್‌ನ ಹಿಂಬದಿ ಮುಚ್ಚಿರುವ) ಹೆಡ್‌ಫೋನ್‌ನಲ್ಲಿ ಸ್ವಲ್ಪ ಸಂದು ಬಿಟ್ಟರೂ ಮೊದಲು ಹೋಗುವುದೇ ಬೇಸ್. ನಾನು ಹಾಕಿದ್ದು ಗಾಳಿ ಬಿಡುವ ಬಟ್ಟೆಯ ಪ್ಯಾಡ್, ಜೊತೆಗೆ ಸಂದು ಮಾಡುವ ಕನ್ನಡಕದ ಕಡ್ಡಿ ಬೇರೆ. ಕನ್ನಡಕ ತೆಗೆದು, ಎರಡೂ ಕಪ್‌ಗಳನ್ನು ಅಂಗೈಯಿಂದ ಮೆಲ್ಲಗೆ ಒತ್ತಿ ನೋಡಿದೆ. ಮೃದಂಗದ ಎಡಮುಖದ ನಾದ ತಟ್ಟನೆ ತುಂಬಿ ಬಂತು! ತುಂಬಾ ಖುಷಿಯಾಯಿತು.

ಶನಿವಾರ ಮಾಟುಂಗಾದಿಂದ ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಮೆಮೊರಿ ಫೋಮ್ ಇರುವ ರೆಕ್ಸಿನ್ ಪ್ಯಾಡ್ ತಂದೆ. ಮೆತ್ತಗಿದೆ, ಕನ್ನಡಕದ ಕಡ್ಡಿಯ ಸುತ್ತಲೂ ಒತ್ತಿಕೊಂಡು ಕೂರುತ್ತದೆ. ಮುಂಬೈ ಸೆಕೆಗೆ ಬೆವರು ಮಾತ್ರ ಜಾಸ್ತಿ, ಲೋಕಲ್‌ನಲ್ಲಿ ಅರ್ಧ ಗಂಟೆಗೇ ಕಿವಿ ಒದ್ದೆ. ಆದರೂ ಇದನ್ನೇ ಇಟ್ಟುಕೊಳ್ಳುತ್ತೇನೆ. ಎಲ್ಲರಿಗೂ ಥ್ಯಾಂಕ್ಸ್.