ಬೇಸ್‌ಬಾಲ್: ಅಗ್ಗದ ಬುಲ್‌ಪೆನ್ (ರಿಲೀವರ್‌ಗಳ ಪಡೆ) ಅಕ್ಟೋಬರ್‌ನ ನಾಕೌಟ್‌ವರೆಗೆ ಬಾಳುತ್ತಾ?

ಟ್ಯಾಂಪಾ ರಾಘು: ಪಂದ್ಯ ಶುರುಮಾಡೋ ಪಿಚರ್, ಅಂದ್ರೆ ಸ್ಟಾರ್ಟರ್, ದಣಿದ ಮೇಲೆ ಬಂದು ಒಂದು ಇನ್ನಿಂಗ್ಸ್ ಎಸೆದು ಹೋಗೋ ರಿಲೀವರ್‌ಗಳಿಗೆ ಕೋಟಿಗಟ್ಟಲೆ ಡಾಲರ್ ಸುರಿಯೋದು ದಂಡ. ನಮ್ಮ ಟ್ಯಾಂಪಾ ಬೇ ರೇಸ್ ತಂಡ ನೋಡಿ. 2019ರ ಜುಲೈನಲ್ಲಿ ಪೀಟ್ ಫೇರ್‌ಬ್ಯಾಂಕ್ಸ್, ನಿಕ್ ಆಂಡರ್ಸನ್ ಇಬ್ಬರನ್ನೂ ಬೇರೆ ತಂಡಗಳಿಂದ ತಂದರು. ಒಬ್ಬನಿಗೆ ಮೊಣಕೈ ಆಪರೇಷನ್ ಎರಡು ಸಲ ಆಗಿತ್ತು, ಇನ್ನೊಬ್ಬ ದೊಡ್ಡ ತಂಡಗಳ ನಂಟಿಲ್ಲದ ಇಂಡಿಪೆಂಡೆಂಟ್ ಲೀಗ್‌ನಲ್ಲಿ ಅಲೆದು ಬಂದವನು. ಮರುವರ್ಷವೇ ಫೈನಲ್ ಸರಣಿ, ವರ್ಲ್ಡ್ ಸೀರೀಸ್ ಆಡಿದ್ವಿ.

ಬೇ ಏರಿಯಾ ಮಂಜ: ಆಡಿದ್ರಿ, ಗೆಲ್ಲಲಿಲ್ಲವಲ್ಲ ಗುರು! ಆರನೇ ಪಂದ್ಯ ಮರೆತುಹೋಯ್ತಾ? ನಿಮ್ಮ ಸ್ಟಾರ್ಟರ್ ಸ್ನೆಲ್ 73 ಎಸೆತದಲ್ಲಿ ಎರಡೇ ಹಿಟ್ ಕೊಟ್ಟು 9 ಜನರನ್ನ ಸ್ಟ್ರೈಕ್‌ಔಟ್ ಮಾಡಿದ್ದ. 1-0 ಮುಂದಿದ್ದಾಗ ಅವನನ್ನ ತೆಗೆದು ಆಂಡರ್ಸನ್‌ನ ಕಳಿಸಿದ್ರು. ಡಾಡ್ಜರ್ಸ್‌ನ ಬೆಟ್ಸ್ ಡಬಲ್ ಬಾರಿಸಿದ, ಕಥೆ ಮುಗೀತು.

ಟ್ಯಾಂಪಾ ರಾಘು: ಅದು ಮ್ಯಾನೇಜರ್ ತಪ್ಪು, ಬುಲ್‌ಪೆನ್‌ದಲ್ಲ.

ಲೆಕ್ಕದ ಮೇಷ್ಟ್ರು: ಅಷ್ಟು ಸಲೀಸಾಗಿ ಬಿಡಬೇಡಿ ರಾಘು. ಆ ವರ್ಷ ಲೀಗ್ ಹಂತದಲ್ಲಿ ಆಂಡರ್ಸನ್ ಇಆರ್‌ಎ (ಒಂಬತ್ತು ಇನ್ನಿಂಗ್ಸ್‌ಗೆ ಕೊಟ್ಟ ರನ್ ಸರಾಸರಿ, ಕಡಿಮೆಯಿದ್ದಷ್ಟು ಒಳ್ಳೇದು) 0.55. ಪೋಸ್ಟ್‌ಸೀಸನ್‌ನಲ್ಲಿ, ಅಂದ್ರೆ ನಾಕೌಟ್ ಹಂತದಲ್ಲಿ, ಸತತ ಏಳು ಸಲ ಇಳಿದಾಗಲೂ ರನ್ ಕೊಟ್ಟ. ಮರುವರ್ಷ ಮೊಣಕೈ ಕೈಕೊಟ್ಟಿತು. ಅಗ್ಗದ ಪಡೆಯಲ್ಲಿ ನಂಬಿಕಸ್ಥರು ಇಬ್ಬರೋ ಮೂವರೋ ಇರ್ತಾರೆ, ದುಡಿತವೆಲ್ಲ ಅವರ ಹೆಗಲಿಗೇ. ಉಳಿದವರನ್ನ ಕೆಳಗಿನ ಲೀಗ್ ಟ್ರಿಪಲ್-ಎಗೆ ಕಳಿಸಿ ಕರೆಸಿ ಸಂಭಾಳಿಸ್ತಿದ್ರು. 2022ರಿಂದ ಒಬ್ಬ ಆಟಗಾರನನ್ನ ಒಂದು ಸೀಸನ್‌ಗೆ ಐದೇ ಸಲ ಹಾಗೆ ಕೆಳಗೆ ಕಳಿಸಬಹುದು. ಬಡ ತಂಡಕ್ಕೆ ಬಿದ್ದ ನಿಜವಾದ ಪೆಟ್ಟು ಅದು.

ಶೈಲಜಾ, ಕ್ಲೀವ್‌ಲ್ಯಾಂಡ್: ಮೇಷ್ಟ್ರೇ, ಹೊರಗಿಂದ ಹೆಕ್ಕಿ ತರೋದೊಂದೇ ದಾರಿಯಲ್ಲ. ನಮ್ಮ ರಿಲೀವರ್ ಕೇಡ್ ಸ್ಮಿತ್‌ನ 2020ರ ಡ್ರಾಫ್ಟ್‌ನಲ್ಲಿ, ತಂಡಗಳು ಹೊಸ ಹುಡುಗರನ್ನ ಆರಿಸೋವಾಗ, ಯಾರೂ ಕೇಳಲೇ ಇಲ್ಲ. ನಮ್ಮವರು ಕರೆತಂದು ತಿದ್ದಿದರು. 2024ರಲ್ಲಿ ಮೊದಲ ಸೀಸನ್ನಿಗೇ 75 ಇನ್ನಿಂಗ್ಸ್, ಇಆರ್‌ಎ 1.91! ಸಂಬಳಕ್ಕಲ್ಲ, ಕೋಚ್‌ಗಳಿಗೆ ಖರ್ಚು ಮಾಡಬೇಕು. ದುಡ್ಡು ಸುರಿದವರಿಗೆ ಸಿಕ್ಕಿದ್ದಾದರೂ ಏನು? ಡಾಡ್ಜರ್ಸ್ ರಿಲೀವರ್ ಟ್ಯಾನರ್ ಸ್ಕಾಟ್‌ಗೆ ನಾಲ್ಕು ವರ್ಷಕ್ಕೆ 7.2 ಕೋಟಿ ಡಾಲರ್ ಕೊಟ್ಟರು. 2025ರಲ್ಲಿ ಅವನು ಕೈಗೆ ಬಂದ 10 ಸೇವ್ (ಕೊನೆಯಲ್ಲಿ ಮುನ್ನಡೆ ಕಾಯೋ ಅವಕಾಶ) ಹಾಳುಮಾಡಿದ.

ಬೇ ಏರಿಯಾ ಮಂಜ: ಆದರೂ ಕಪ್ ಎತ್ತಿದ್ದು ಅವರೇ ತಾನೇ ಅಕ್ಕ? ಸ್ಕಾಟ್ ಕೈಕೊಟ್ಟ ಅಂತ ಸ್ಟಾರ್ಟರ್ ಸಸಾಕಿಯನ್ನೇ ಪಂದ್ಯ ಮುಗಿಸೋ ಕ್ಲೋಸರ್ ಮಾಡಿದ್ರು. ವರ್ಲ್ಡ್ ಸೀರೀಸ್‌ನ ಆರನೇ ಪಂದ್ಯ ಶುರುಮಾಡಿದ ಯಮಾಮೊಟೊ ಮರುದಿನ ಏಳನೇದನ್ನ ಬಂದು ಮುಗಿಸಿದ. ನಿಮ್ಮ ಸ್ಮಿತ್ ಒಂದು ವಾರ ಹುಷಾರು ತಪ್ಪಿದರೆ ಬೆಂಚಲ್ಲಿ ಅಂಥವರು ಯಾರಿದ್ದಾರೆ?

ಶೈಲಜಾ, ಕ್ಲೀವ್‌ಲ್ಯಾಂಡ್: ಹಾಂ, ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ. 2024ರಲ್ಲಿ ಸ್ಮಿತ್‌ನ 74 ಪಂದ್ಯಕ್ಕೆ ಇಳಿಸಿದ್ದು ನೋಡಿ ನನಗೇ ಅಯ್ಯೋ ಅನಿಸಿತ್ತು.

ಲೆಕ್ಕದ ಮೇಷ್ಟ್ರು: ಅದಕ್ಕೇ ನಾನನ್ನೋದು, ಒಬ್ಬನಿಗಾದರೂ ಸರಿಯಾದ ಸಂಬಳ ಕೊಟ್ಟು ಉಳಿಸಿಕೊಳ್ಳಿ ಅಂತ. ರೇಸ್ ಮಾಡಿದ್ದೇನು? 2025ರಲ್ಲಿ 27 ಸೇವ್ ಮಾಡಿದ ಫೇರ್‌ಬ್ಯಾಂಕ್ಸ್‌ಗೆ ಮುಂದಿನ ವರ್ಷ 1.1 ಕೋಟಿ ಡಾಲರ್ ಜಾಸ್ತಿಯಾಯ್ತು ಅಂತ ಬಿಟ್ಟೇಬಿಟ್ಟರು.

ಟ್ಯಾಂಪಾ ರಾಘು: ಬಿಡಲಿ ಸರ್. ಅವನು 2023, 2024 ಎರಡೂ ವರ್ಷ ಗಾಯಾಳು ಪಟ್ಟಿಯಲ್ಲಿದ್ದ. 2026ರ ಕನಿಷ್ಠ ಸಂಬಳ 7.8 ಲಕ್ಷ. ಅದೇ ದುಡ್ಡಿಗೆ 14 ಜನ ಬರ್ತಾರೆ, ಇಬ್ಬರು ನಿಂತರೂ ಲಾಭವೇ.

ಬೇ ಏರಿಯಾ ಮಂಜ: ಆ ಇಬ್ಬರು ಯಾರು ಅಂತ ಗೊತ್ತಾಗೋ ಹೊತ್ತಿಗೆ ಜೂನ್ ಮುಗಿದು ಹತ್ತು ಪಂದ್ಯ ಕೈಬಿಟ್ಟಿರ್ತೀರ. ಯಾಂಕೀಸ್ ಇರೋ ಡಿವಿಷನ್‌ನಲ್ಲಿ ಅಷ್ಟು ಸಾಲ ಯಾರು ಕೊಡ್ತಾರೆ ಗುರು?